ಮೇಜಿನ ಮೇಲಿನ ಕಾಗೆ

ಸೈನಬಳ ಮನೆಯ ಊಟದ ಮೇಜಿನ ಮೇಲೆ ಒಂದು ಕಾಗೆ ಕೂತಿತ್ತು. ಕೂತು ಇಪ್ಪತ್ತೈದು ವರ್ಷದ ಮೇಲಾಗಿತ್ತು. ಹುಶ್ ಎಂದರೆ ಹಾರುವ ಕಾಗೆಯಲ್ಲ ಅದು, ಮರಕ್ಕೆ ಇಳಿದುಹೋದ ಕಪ್ಪು ಕಲೆ. ಯಜಮಾನರು ಕೂರುವ ಕುರ್ಚಿಯ ಎದುರಿಗೇ, ಎರಡು ಕಾಲು ಅಗಲಿಸಿ ಕೊಕ್ಕು ಚಾಚಿದ ಹಾಗೆ ಕಾಣುತ್ತಿತ್ತು. ಮಗಳು ಶಬ್ನಾ ಚಿಕ್ಕವಳಿದ್ದಾಗ ಅದಕ್ಕೆ ಸೀಮೆಸುಣ್ಣದಲ್ಲಿ ಕಣ್ಣು ಬರೆದು ಕಾಗೆ ಎಂದು ಹೆಸರಿಟ್ಟಿದ್ದಳು. ಕಣ್ಣು ಒರೆಸಿದಾಗ ಹೋಯಿತು, ಹೆಸರು ಉಳಿಯಿತು.

ಈ ಕಾಗೆ ಎಲ್ಲಿಂದ ಬಂತು ಎಂಬ ಬಗ್ಗೆ ಆ ಮನೆಯಲ್ಲಿ ಎರಡು ಮತಗಳಿದ್ದವು. ಒಂದು ಸೈನಬಳದ್ದು, ಅಂದರೆ ಸರಿಯಾದದ್ದು. ಆಕೆಯ ಗಂಡ ಅಬ್ದುಲ್ ಮಜೀದರಿಗೆ ಊಟವಾದ ಮೇಲೆ ನೀರಡಿಕೆ ಬೇಕು. ಭರಣಿಯ ನೀರಿನಲ್ಲಿ ತಿಂಗಳುಗಟ್ಟಲೆ ನೆನೆದ ಅಡಿಕೆಯನ್ನು ತೊಟ್ಟಿಕ್ಕುವಾಗಲೇ ಕತ್ತರಿಸಿ, ಆ ಒದ್ದೆ ಅಡಕತ್ತರಿಯನ್ನು ದಿನವೂ ಮೇಜಿನ ಮೇಲೆ ಅದೇ ಜಾಗದಲ್ಲಿ ಇಡುತ್ತಾರೆ. ಒದ್ದೆ ಕಬ್ಬಿಣ, ಅಡಿಕೆಯ ಚೊಗರು, ಹಲಸಿನ ಹಲಗೆ ಮೂರೂ ಸೇರಿದರೆ ಕಾಗೆಯಲ್ಲದೆ ಗಿಳಿ ಹುಟ್ಟುತ್ತದೆಯೇ ಎಂಬುದು ಸೈನಬಳ ಪ್ರಶ್ನೆ. ಇನ್ನೊಂದು ಮತ ಮಜೀದರದ್ದು. ಅದು ಮರದ್ದೇ ಕಲೆ, ಮರ ಹುಟ್ಟುವಾಗಲೇ ಇತ್ತು ಎಂದು ಅವರು ಹೇಳುತ್ತಿದ್ದರು. ಗುರುವಾಯನಕೆರೆ ಪೇಟೆಯಲ್ಲಿ ಕೊಡೆ ಮತ್ತು ಚಪ್ಪಲಿಯ ಅಂಗಡಿ ಇಟ್ಟ ಮನುಷ್ಯ, ಗಿರಾಕಿ ತಂದ ತೂತು ಕೊಡೆಯನ್ನು ನೋಡಿ ತೂತೆಂದು ಒಪ್ಪುವವರು. ಆದರೆ ಈ ಒಂದು ವಿಷಯದಲ್ಲಿ ಮಾತ್ರ ಹಿಡಿದ ಮೊಲಕ್ಕೆ ಮೂರೇ ಕಾಲು.

ಮೇಜೂ ಸಾಧಾರಣದ್ದಲ್ಲ. ಮಜೀದರ ತಾಯಿ ಬೀಪಾತುಮ್ಮ ನರಿಕೊಂಬಿನ ತನ್ನ ತವರಿನ ಹಲಸಿನ ಮರ ಕಡಿಸಿ ಮಾಡಿಸಿದ್ದು. ಆಕೆ ಬದುಕಿರುವಷ್ಟು ದಿನ ಅದರ ಮೇಲೆ ಒಂದು ಲೋಟ ನೀರು ಚೆಲ್ಲಲು ಯಾರಿಗೂ ಧೈರ್ಯವಿರಲಿಲ್ಲ. ಆಕೆ ತೀರಿಕೊಂಡ ಮೇಲೆ ಮೇಜಿನ ಕಾವಲು ಸೈನಬಳಿಗೆ ಬಂತು. ಸೈನಬ ಅತ್ತೆಗಿಂತ ಒಂದು ಕೈ ಮೇಲೆಯೇ ಆದಳು. ಬಿಸಿ ಪಾತ್ರೆ ಬರುವ ಮೊದಲು ತೆಂಗಿನ ನಾರಿನ ಸಿಂಬಿ ಬರಬೇಕು, ಸಿಂಬಿ ಇಲ್ಲದಿದ್ದರೆ ಬಿರಿಯಾನಿಯೂ ಬಾಗಿಲಲ್ಲೇ ನಿಲ್ಲಬೇಕು. ಇಂಥ ಶಿಸ್ತಿನ ಮನೆಯಲ್ಲಿ ನಡುಮೇಜಿಗೆ ಒಂದು ಕಾಗೆ ಎಂದರೆ ಆಕೆಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ತೊಂಬತ್ತೆಂಟರ ಮೇ ತಿಂಗಳಲ್ಲಿ ಶಬ್ನಾಳ ಮದುವೆ ನಿಶ್ಚಯವಾಯಿತು. ಹುಡುಗ ಹಾರಿಸ್ ಮೂಡುಬಿದಿರೆಯವನು, ದಮ್ಮಾಮಿನಲ್ಲಿ ಕೆಲಸ, ರಜೆಯಲ್ಲಿ ಊರಿಗೆ ಬಂದಿದ್ದ. ನಿಕಾಹ್ ಆದ ಮೇಲೆ ಪುದಿಯಾಪ್ಲೆ, ಎಂದರೆ ಹೊಸ ಅಳಿಯ, ಗೆಳೆಯರ ದಂಡು ಕಟ್ಟಿಕೊಂಡು ಹೆಣ್ಣಿನ ಮನೆಗೆ ಮೊದಲ ಊಟಕ್ಕೆ ಬರುತ್ತಾನೆ. ಅಳಿಯನಾದರೂ ತಲೆ ತಗ್ಗಿಸಿ ಕೂತಾನು, ಆ ಗೆಳೆಯರಿಗೆ ಮಾತ್ರ ಊಟಕ್ಕಿಂತ ತಮಾಷೆಯೇ ರುಚಿ. ಹಿಂದಿನ ವರ್ಷ ವೇಣೂರಿನ ಒಂದು ಮದುವೆಯಲ್ಲಿ ಇಂಥ ಗೆಳೆಯರೇ ಸೋಫಾದ ಹೊದಿಕೆ ಎತ್ತಿ, ಅಡಿಯಲ್ಲಿ ಬಾಡಿಗೆ ಅಂಗಡಿಯ ಹೆಸರು ಕಂಡುಹಿಡಿದು, ಅದನ್ನೇ ಹಾಡು ಕಟ್ಟಿ ಹಾಡಿದ್ದರು. ಆ ಹಾಡು ಈಗಲೂ ಬಸ್ಸಿನಲ್ಲಿ ಕೇಳಿಬರುತ್ತದೆ.

"ಮೇಜಿಗೆ ಪಾಲಿಶ್ ಹಾಕಿಸಲೇಬೇಕು. ಕಾಗೆ ಹೋಗಲೇಬೇಕು," ಎಂದಳು ಸೈನಬ.

"ಬಟ್ಟೆ ಹಾಸಿದ್ರೆ ಸಾಕು," ಎಂದರು ಮಜೀದರು.

"ಬಟ್ಟೆ ಎತ್ತಿ ನೋಡುವ ಜಾತಿ ಅದು. ನಾಳೆ ನನ್ನ ಮಗಳ ಗಂಡನ ಮನೆಯಲ್ಲಿ ಕಾಗೆಯ ಮನೆಯವಳು ಅಂತ ಹೇಳಿಸ್ಕೊಳ್ಬೇಕಾ ಅವಳು?"

ಮಜೀದರು ಅಡಕತ್ತರಿಯನ್ನು ಎತ್ತಿ, ಒರೆಸದೆ, ಪುನಃ ಅದೇ ಜಾಗದಲ್ಲಿ ಇಟ್ಟರು.

ಪಾಲಿಶ್ ಕೆಲಸಕ್ಕೆ ವೇಣೂರಿನಿಂದ ಕಮಲಾಕ್ಷ ಬಂದ. ಅವನ ಕೈ ಎಷ್ಟು ಕೆಲಸ ಮಾಡುತ್ತದೋ ಬಾಯಿ ಅದರ ದುಪ್ಪಟ್ಟು ಮಾಡುತ್ತದೆ. ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಮುಖ ಕಾಣುವಷ್ಟು ಹೊಳೆಯುವ ಮರ ಎಲ್ಲಿದ್ದರೂ ಅದು ತನ್ನ ಕೈಯದ್ದು, ಹೊಳಪು ಹೋದದ್ದು ಬೇರೆಯವರದ್ದು ಎಂಬುದು ಅವನ ವಾದ. ಅವನು ಮೇಜಿನ ಸುತ್ತ ಒಂದು ಸುತ್ತು ಬಂದು, ಕಾಗೆಯ ಮೇಲೆ ಬೆರಳಾಡಿಸಿ, ಮೊದಲು ಚಾ ಕೇಳಿದ.

"ಈ ಕಪ್ಪು ತೆಗೀದೆ ಮೇಲಿಂದ ಪಾಲಿಶ್ ಹಾಕಿದ್ರೆ ಎಂತ ಆಗ್ತದೆ ಗೊತ್ತುಂಟಾ ಸೈನಬಕ್ಕ? ಕಪ್ಪೂ ಹೊಳೀತದೆ. ಕಾಗೆಗೆ ಎಣ್ಣೆ ಹಚ್ಚಿದ ಹಾಗೆ."

"ಹಾಗಾದ್ರೆ ಇಡೀ ಮೇಜನ್ನೇ ಕಪ್ಪು ಮಾಡಿಬಿಡು ಮಾರಾಯ," ಎಂದರು ಮಜೀದರು ಕುರ್ಚಿಯಿಂದ. "ಬೀಟೆ ಮರದ ಹಾಗೆ ಕಾಣ್ತದೆ."

ಸೈನಬ ಗಂಡನನ್ನು ನೋಡಿದ ನೋಟಕ್ಕೆ ಮೇಜು ತಾನಾಗಿಯೇ ಬೆಳ್ಳಗಾಗಬೇಕಿತ್ತು.

"ಎಂತಕ್ಕೆ ಮಜೀದಾಕ? ಮೂಡುಬಿದಿರೆಯಲ್ಲಿ ಒಂದು ಬಿಳಿ ಪುಡಿ ಸಿಗ್ತದೆ ಇದಕ್ಕೆ. ಅದೂ ಬೇಡ, ನಿಮ್ಮ ಹಿತ್ತಲಲ್ಲಿ ಬಿಂಬುಳಿ ಮರ ಉಂಟಲ್ಲ? ಆ ಪುಡಿಯದ್ದೂ ಅದರ ಕಾಯಿಯದ್ದೂ ಒಂದೇ ಹುಳಿ. ಅರೆದು ಮೆತ್ತಿದ್ರೆ ಕಬ್ಬಿಣದ ಕಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರ್ತದೆ." ಕಮಲಾಕ್ಷ ಚಾ ಗುಟುಕರಿಸಿ ಮುಂದುವರಿಸಿದ. "ಒಂದು ಮಾತು. ಹೋಗುವುದು ಕಬ್ಬಿಣದ ಕಲೆ ಮಾತ್ರ. ಮರದ್ದೇ ಬಣ್ಣವಾದ್ರೆ ಆ ಪರಶುರಾಮ ಬಂದು ತಿಕ್ಕಿದ್ರೂ ಹೋಗುದಿಲ್ಲ."

ಸೈನಬಳ ಮುಖ ಅರಳಿತು. ಕಾಲು ಶತಮಾನದ ವ್ಯಾಜ್ಯಕ್ಕೆ ನ್ಯಾಯಾಧೀಶ ಹಿತ್ತಲಿನ ಮರದಲ್ಲೇ ನೇತಾಡುತ್ತಿದ್ದಾನೆಂದು ಆಕೆಗೆ ಇಷ್ಟು ದಿನ ಹೊಳೆದಿರಲಿಲ್ಲ. ಹಿತ್ತಾಳೆ ಪಾತ್ರೆಯನ್ನೂ ಬಟ್ಟೆಯ ತುಕ್ಕನ್ನೂ ಬಿಂಬುಳಿಯಲ್ಲೇ ತಿಕ್ಕುವವಳು, ಮೇಜಿಗೆ ಮಾತ್ರ ಯೋಚಿಸಿರಲಿಲ್ಲ.

"ಕೇಳಿದ್ರಲ್ಲ?" ಎಂದಳು ಗಂಡನಿಗೆ. "ಕಲೆ ಹೋಗದಿದ್ರೆ ನೀವು ಹೇಳಿದ್ದೇ ಸತ್ಯ, ನಾನು ಇನ್ನು ಆ ಸುದ್ದಿ ಎತ್ತುದಿಲ್ಲ. ಹೋದ್ರೆ ನಿಮ್ಮ ಅಡಕತ್ತರಿ ಮತ್ತೆ ಈ ಮೇಜಿಗೆ ಹತ್ತಬಾರದು. ಅಡುಗೆಮನೆಯ ಮೂಲೆ ಅದಕ್ಕೆ. ಆಗ್ತದಾ?"

"ಮದುವೆ ಮನೆಯಲ್ಲಿ ಇದೆಲ್ಲ ಎಂತಕ್ಕೆ?" ಎಂದರು ಮಜೀದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂದುಕೊಂಡು ಸೈನಬ ಒಳಗೊಳಗೇ ನಕ್ಕಳು.

ಮರುದಿನ ಬೆಳಿಗ್ಗೆ ಆಕೆ ಬುಟ್ಟಿ ಹಿಡಿದು ಹಿತ್ತಲಿಗೆ ಹೋದರೆ ಬಿಂಬುಳಿ ಮರ ಬೋಳಾಗಿ ನಿಂತಿತ್ತು. ಕಾಂಡಕ್ಕೆ ಅಂಟಿಕೊಂಡು ಗೊಂಚಲು ಗೊಂಚಲಾಗಿದ್ದ ಹಸಿರು ಕಾಯಿಗಳಲ್ಲಿ ಒಂದೂ ಇಲ್ಲ. ಬಾವಲಿ ತಿಂದಿತೇ ಎಂದರೆ ಬಾವಲಿಗೂ ಅಷ್ಟು ಹುಳಿ ಸೇರದು. ಹತ್ತು ಗಂಟೆಗೆ ಪೇಟೆಗೆ ಹೋಗಿ ಬಂದ ಶಬ್ನಾ ಬಾಯಿಗೆ ಶಾಲು ಒತ್ತಿ ನಗುತ್ತ ಸುದ್ದಿ ತಂದಳು.

"ಉಮ್ಮಾ, ಬಾಪನ ಅಂಗಡಿಯಲ್ಲಿ ಕೊಡೆ ತೆಗೊಂಡವರಿಗೆಲ್ಲ ಬಿಂಬುಳಿ ಫ್ರೀ. ಚೀಲ ತುಂಬ ಇಟ್ಕೊಂಡು ಕೂತಿದ್ದಾರೆ. ಒಬ್ಬರಿಗೆ ಕೊಡೆ ಬೇಡ, ಬಿಂಬುಳಿ ಮಾತ್ರ ಸಾಕು ಅಂದ್ರೆ ಅದಕ್ಕೂ ಹೂಂ ಅಂದ್ರು."

ಸೈನಬಳಿಗೆ ಸಿಟ್ಟೂ ನಗುವೂ ಒಟ್ಟಿಗೆ ಬಂದು ಗಂಟಲಲ್ಲಿ ಡಿಕ್ಕಿ ಹೊಡೆದವು. ಸೋಲುತ್ತೇನೆಂದು ಗೊತ್ತಿದ್ದೇ ಈ ಮನುಷ್ಯ ಸಾಕ್ಷಿಯನ್ನು ಹಂಚಿ ಮುಗಿಸುತ್ತಿದ್ದಾರೆ. ಆಕೆ ಬೇಲಿಯ ಬಳಿ ಹೋಗಿ ಪಕ್ಕದ ಮನೆಯ ಶಶಿಪ್ರಭಾಳನ್ನು ಕರೆದಳು. ಎರಡು ಮನೆಗೂ ನಡುವೆ ಸಾಂಬಾರು, ಸುದ್ದಿ, ಗಿಡದ ಗೆಲ್ಲು ಎಲ್ಲವೂ ಆ ಬೇಲಿಯ ಮೇಲಿಂದಲೇ ದಾಟುತ್ತಿದ್ದವು.

"ಬಿಂಬುಳಿಯಾ? ನಿಮ್ಮವರು ಬೆಳಿಗ್ಗೆಯೇ ಬಂದು ನಮ್ಮ ಮರದ್ದನ್ನೂ ಕೇಳಿದ್ರು," ಎಂದಳು ಶಶಿಪ್ರಭಾ. "ಉಪ್ಪಿನಕಾಯಿಗೆ ಬೇಕಾದ್ರೆ ಸೈನಬಕ್ಕನೇ ಬರ್ತಿದ್ರು, ಇವರು ಎಂತಕ್ಕೆ ಬಂದ್ರು ಅಂತ ಸಂಶಯ ಆಯ್ತು ನನಗೆ. ಇಲ್ಲ ಅಂತ ಹೇಳಿ ಕಳಿಸಿದೆ." ಸಂಗತಿ ತಿಳಿದ ಮೇಲೆ ಆಕೆ ಬುಟ್ಟಿ ತುಂಬ ಕಾಯಿ ಕೊಯ್ದು ಬೇಲಿ ದಾಟಿಸಿದಳು. "ನಮ್ಮವರೂ ಹೀಗೇ. ನೀವು ಗೆದ್ರೆ ನನಗೊಂದು ಕೂಗು ಹಾಕಿ."

ಕಮಲಾಕ್ಷ ಒಡೆದ ಗಾಜಿನ ಚೂರಿನಿಂದ ಮೇಜಿನ ಹಳೆಯ ಪಾಲಿಶನ್ನು ಕೆರೆದು ಮುಗಿಸಿದ್ದ. ಪಾಲಿಶ್ ಹೋದಂತೆ ಹಲಸಿನ ಹಳದಿ ಹೊರಗೆ ಬಂದು, ಅದರ ನಡುವೆ ಕಾಗೆ ಇನ್ನಷ್ಟು ಕಪ್ಪಗೆ, ಇನ್ನಷ್ಟು ಜಂಬದಿಂದ ಕೂತಿತ್ತು. ಬಿಂಬುಳಿಯನ್ನು ಅರೆಯುವ ಕಲ್ಲಿನಲ್ಲಿ ಅರೆದದ್ದು ಸೈನಬಳೇ. ಕಬ್ಬಿಣದ ಸಟ್ಟುಗ ತಾಗಿಸಬೇಡಿ ಎಂದು ಕಮಲಾಕ್ಷ ಮೂರು ಸಲ ಹೇಳಿದ, ಆಕೆ ಮರದ ಚಮಚದಲ್ಲೇ ಬಾಚಿ ತಂದಳು. ಕಲೆಯ ಮೇಲೆ ದಪ್ಪಗೆ ಮೆತ್ತಿ, ಒಣಗದ ಹಾಗೆ ಒದ್ದೆ ಬಟ್ಟೆ ಮುಚ್ಚಿ, ಅವನು ಜಗಲಿಗೆ ಹೋಗಿ ಮಲಗಿದ. ಸೈನಬ ಕುರ್ಚಿ ಎಳೆದು ಅಲ್ಲೇ ಕೂತಳು. ಹಾಲು ಉಕ್ಕುವುದನ್ನು ಕಾಯುವವಳಿಗೂ ಅಷ್ಟು ತಾಳ್ಮೆ ಇರುವುದಿಲ್ಲ.

ಮೊದಲ ಸಲ ಬಟ್ಟೆ ಎತ್ತಿದಾಗ ಕಾಗೆ ಬೂದು ಬಣ್ಣಕ್ಕೆ ಬಂದಿತ್ತು. ಎರಡನೆಯ ಸಲ ಬಾಲ ಮಾಯವಾಯಿತು. ಮಧ್ಯಾಹ್ನದ ಹೊತ್ತಿಗೆ ಕಾಲೂ ಕೊಕ್ಕೂ ಹೋಗಿ, ಮಂಜು ಕರಗಿದ ಹಾಗೆ ಕಪ್ಪೆಲ್ಲ ಕರಗಿತು. ಕಮಲಾಕ್ಷ ಬಕೆಟ್ಟಿನ ನೀರಿನಿಂದ ಒರೆಸಿ ತೆಗೆದು, "ಎಂತ ಹೇಳಿದ್ದೆ ನಾನು?" ಎಂದು ಸೊಂಟಕ್ಕೆ ಕೈ ಇಟ್ಟ.

ಸೈನಬಳಿಗೆ ಕೂಗಬೇಕೆನಿಸಿತು. ಶಶಿಪ್ರಭಾಳನ್ನು ಮಾತ್ರವಲ್ಲ, ಗುರುವಾಯನಕೆರೆಯ ನಾಲ್ಕೂ ದಾರಿಯವರನ್ನು ಕರೆದು ತೋರಿಸಬೇಕೆನಿಸಿತು. ಗೆದ್ದೆ! ಕಬ್ಬಿಣದ ಕಲೆ, ಕಬ್ಬಿಣದ್ದೇ ಕಲೆ! ಆಕೆ ಬೇಲಿಯ ಕಡೆ ಹೊರಟು ಎರಡು ಹೆಜ್ಜೆ ಇಟ್ಟಿರಬೇಕು.

"ಇದೆಂತದು ಇನ್ನೊಂದು?" ಎಂದ ಕಮಲಾಕ್ಷ ಹಿಂದಿನಿಂದ.

ಕಾಗೆ ಕೂತಿದ್ದ ಜಾಗದಲ್ಲಿ, ಒದ್ದೆ ಆರುತ್ತಿದ್ದ ಹಳದಿ ಮರದ ಮೇಲೆ, ಒಂದು ಕಂದು ಗೆರೆ ಕಾಣುತ್ತಿತ್ತು. ಬಿದಿಗೆಯ ಚಂದ್ರನ ಹಾಗೆ ಬಾಗಿದ ಗೆರೆ. ಅವನು ಅದರ ಮೇಲೂ ಬಿಂಬುಳಿ ಮೆತ್ತಿ ನೋಡಿದ, ತಿಕ್ಕಿದ, ಒರೆಸಿದ. ಗೆರೆ ಇದ್ದ ಹಾಗೆಯೇ ಇತ್ತು.

"ಇದು ಹೋಗುದಿಲ್ಲ ಸೈನಬಕ್ಕ. ಇದು ಸುಟ್ಟದ್ದು. ಬಿಸಿ ಬಿಸಿ ಕಾವಲಿ ಇಟ್ಟುಬಿಟ್ಟಿದ್ದಾರೆ ಯಾರೋ."

"ನಮ್ಮ ಮನೆಯಲ್ಲಿ ಬಿಸಿ ಪಾತ್ರೆ ಮೇಜಿಗೆ ಇಡುವ ಕ್ರಮವೇ ಇಲ್ಲ!" ಸೈನಬಳ ಬಾಯಿಂದ ಮಾತು ತಾನಾಗಿ ಬಂತು. ಹಾಗೆಯೇ ಬಾಯಿ ತೆರೆದೇ ಉಳಿಯಿತು.

ಮರೆವೂ ಒಂದು ಪಾಲಿಶೇ. ಮೇಲಿಂದ ಮೇಲೆ ಹಾಕುತ್ತ ಹೋದರೆ ಅಡಿಯಲ್ಲಿ ಏನಿತ್ತೆಂದು ಹಾಕಿದವರಿಗೇ ತಿಳಿಯುವುದಿಲ್ಲ. ಆಕೆ ಮದುವೆಯಾಗಿ ಈ ಮನೆಗೆ ಬಂದ ಮೊದಲ ತಿಂಗಳು ಅದು. ಅತ್ತೆ ನರಿಕೊಂಬಿಗೆ ಹೋಗಿದ್ದರು, ಸಂಜೆಗೆ ಬರುವವರಿದ್ದರು. ಒಬ್ಬಳೇ ಅಕ್ಕಿಯ ರೊಟ್ಟಿ ಸುಡುತ್ತಿದ್ದಾಗ ಬೆಕ್ಕು ಮೀನಿಗೆ ಬಾಯಿ ಹಾಕಿತು, ಕೈಯಲ್ಲಿದ್ದ ಕಾವಲಿಯನ್ನು ಆಕೆ ಕಂಡ ಕಂಡಲ್ಲಿ ಇಟ್ಟು ಓಡಿದಳು. ಬೆಕ್ಕನ್ನು ಓಡಿಸಿ ಬರುವಾಗ ಸುಟ್ಟ ವಾಸನೆ. ಕಾವಲಿಯ ಅಂಚು ಅತ್ತೆಯ ಮೇಜನ್ನು ಕಚ್ಚಿತ್ತು. ಅಡುಗೆಮನೆಯಲ್ಲಿ ಅಳುತ್ತ ಕೂತವಳನ್ನು ಗಂಡ ಕಂಡು ಏನಾಯಿತೆಂದು ಕೇಳಿದರು. ನೀರುಳ್ಳಿ ಎಂದಳು. ಆ ದಿನ ಮನೆಯಲ್ಲಿ ನೀರುಳ್ಳಿಯೇ ಇರಲಿಲ್ಲ.

ಅಲ್ಲಿಯವರೆಗೆ ಮಜೀದರು ಎಲೆಯಡಿಕೆ ತಿನ್ನುತ್ತಿದ್ದದ್ದು ಜಗಲಿಯಲ್ಲಿ. ಆ ಸಂಜೆ ತಾಯಿ ಬರುವ ಮೊದಲೇ ಹರಿವಾಣ, ಭರಣಿ, ಅಡಕತ್ತರಿ ಎಲ್ಲವನ್ನೂ ತಂದು ಮೇಜಿನ ಆ ತುದಿಗೆ ಹರಡಿ ಕೂತರು. ಮೇಜಿಗೆ ಕಬ್ಬಿಣ ತಂದೆಯಾ ಎಂದು ಬೀಪಾತುಮ್ಮ ಕೂಗಾಡಿದರೆ, "ಇಲ್ಲಿ ಗಾಳಿ ಒಳ್ಳೇದುಂಟು ಉಮ್ಮಾ," ಎಂದಿದ್ದರು. ಆ ಮೂಲೆಯಲ್ಲಿ ಕಿಟಕಿಯೇ ಇಲ್ಲ. ಗಂಡನ ಹಠ ತನಗೆ ಅದೃಷ್ಟವಾಗಿ ಬಂತೆಂದು ಸೈನಬ ಅಂದು ಅಲ್ಲಾಹನನ್ನು ನೆನೆದು ಮಲಗಿದ್ದಳು. ಕಪ್ಪು ಹರಡಿದಂತೆ ಸುಟ್ಟದ್ದು ಮುಚ್ಚಿತು, ಮುಚ್ಚಿದ್ದು ಮರೆತುಹೋಯಿತು. ಮೇಜು ಹಾಳು ಮಾಡಿದವನೆಂದು ತಾಯಿ ಸಾಯುವವರೆಗೂ ಮಗನನ್ನು ಬೈದರು. ಆಕೆ ಬೈದು ಬಿಟ್ಟಲ್ಲಿಂದ ಸೊಸೆ ಹಿಡಿದುಕೊಂಡಳು.

"ಸುಟ್ಟದ್ದರ ಮೇಲೆಯೇ ಸರಿಯಾಗಿ ಕಲೆ ಬಿದ್ದಿದೆ ನೋಡಿ," ಎಂದ ಕಮಲಾಕ್ಷ. "ಬೇಕೆಂದೇ ನೋಡಿ ನೋಡಿ ಇಟ್ಟ ಹಾಗೆ ಉಂಟು."

"ಚಾ ಮಾಡ್ತೇನೆ," ಎಂದು ಸೈನಬ ಒಳಗೆ ಹೋದಳು. ಒಲೆಯ ಮುಂದೆ ನಿಂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನಾಚಿಕೆಯಾಯಿತು, ಸಿಟ್ಟೂ ಬಂತು. ಇಪ್ಪತ್ತೈದು ವರ್ಷ ಗೆಲ್ಲಬೇಕೆಂದು ಕಾದವಳಿಗೆ ಗೆದ್ದ ಗಳಿಗೆಯಲ್ಲೇ ಹೀಗೆ ಮೋಸವಾಗಬಾರದಿತ್ತು.

ಮಜೀದರು ಊಟಕ್ಕೆ ಬಂದವರು ಬಾಗಿಲಲ್ಲೇ ನಿಂತು ಮೇಜನ್ನು ನೋಡಿದರು. ಕಪ್ಪು ಇಲ್ಲ, ಕಂದು ಉಂಟು. ಹೆಂಡತಿಯ ಮುಖ ನೋಡಿದರು, ಅಲ್ಲಿಯೂ ಸಂಗತಿ ಬರೆದಿತ್ತು.

"ಬಿಂಬುಳಿ ಎಲ್ಲಿಂದ ಸಿಕ್ಕಿತು?" ಎಂದರು ಮೆಲ್ಲಗೆ.

"ಅದು ಬಿಡಿ. ಆ ದಿನ ನಿಮಗೆ ಗೊತ್ತಿತ್ತಲ್ಲ?"

"ಮೂಗು ಉಂಟಲ್ಲ ನನಗೆ."

"ಮತ್ತೆ ಮರದ್ದೇ ಕಲೆ ಅಂತ ಎಂತಕ್ಕೆ ಹೇಳಿದ್ದು?"

"ಕಬ್ಬಿಣದ್ದು ಅಂತ ಒಪ್ಪಿದ್ರೆ ನೀನು ಅಂದೇ ತಿಕ್ಕಿ ತೆಗೀತಿದ್ದೆ. ಉಮ್ಮ ಬಂದು ನೋಡ್ತಿದ್ರು. ಮರದ್ದೇ ಅಂದ್ರೆ ಯಾರೂ ತೊಳೀಲಿಕ್ಕೆ ಹೋಗುದಿಲ್ಲ."

"ಅವರು ಹೋಗಿ ಹತ್ತು ವರ್ಷ ಆಯ್ತಲ್ಲ? ಮತ್ತಾದ್ರೂ ಹೇಳ್ಬಹುದಿತ್ತು!"

ಮಜೀದರು ಕುರ್ಚಿ ಎಳೆದು ಕೂತರು. "ಅಷ್ಟರಲ್ಲಿ ನಿನಗೆ ಆ ಜಗಳ ಅಭ್ಯಾಸ ಆಗಿತ್ತು. ಅದೂ ಹೋದ್ರೆ ಊಟ ಆದ ಮೇಲೆ ನಾವಿಬ್ಬರು ಮಾತಾಡ್ಲಿಕ್ಕೆ ಎಂತ ಉಂಟು?"

ಸೈನಬ ನಗಲಿಲ್ಲ, ನಗದಿರಲು ತುಂಬ ಕಷ್ಟಪಟ್ಟಳು. ಕೂತವರ ಕೈ ಅಭ್ಯಾಸದ ಮೇಲೆ ಅಡಕತ್ತರಿಯನ್ನು ಹುಡುಕಿತು. ಅದು ಸೈನಬಳ ಶರತ್ತಿನಂತೆ ಅಡುಗೆಮನೆಯ ಮೂಲೆಗೆ ಹೋಗಿತ್ತು.

"ಆ ಸುಟ್ಟದ್ದಕ್ಕೆ ಅರಗಿನಲ್ಲಿ ಬಣ್ಣ ಬೆರೆಸಿ ಹಚ್ತೇನೆ. ಹುಟ್ಟಿದ ಮರಕ್ಕೂ ಗೊತ್ತಾಗ್ಲಿಕ್ಕಿಲ್ಲ," ಎಂದ ಕಮಲಾಕ್ಷ, ಚಾ ಲೋಟ ಇಡಲು ಬಂದವನು. ಸೈನಬ ಗೆರೆಯ ಮೇಲೆ ಬೆರಳಾಡಿಸಿದಳು. ಅದು ಉಬ್ಬಿರಲಿಲ್ಲ, ತಗ್ಗಿರಲಿಲ್ಲ.

"ಬೇಡ. ಹಾಗೆಯೇ ಪಾಲಿಶ್ ಹಾಕಿ," ಎಂದಳು.

ಪುದಿಯಾಪ್ಲೆಯ ಊಟದ ದಿನ ಮೇಜು ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಬಟ್ಟೆ ಹಾಸಿರಲಿಲ್ಲ. ಹಾರಿಸ್ ಅತ್ತರು ಪೂಸಿಕೊಂಡು ತಲೆ ತಗ್ಗಿಸಿ ಕೂತಿದ್ದ, ಗೆಳೆಯರು ಸುತ್ತಲೂ ಕೂತು ಏನು ಸಿಗುತ್ತದೆಂದು ಕಣ್ಣು ಆಡಿಸುತ್ತಿದ್ದರು. ಬಿರಿಯಾನಿ ಸಿಂಬಿಯ ಮೇಲೆಯೇ ಬಂತು. ಹನೀಫಾ ಎಂಬ ಗೆಳೆಯನೊಬ್ಬ ತಟ್ಟೆ ಸರಿಸಿದವನು ಗೆರೆಯನ್ನು ಕಂಡುಬಿಟ್ಟ.

"ಓಹೋ! ಹೊಸ ಪಾಲಿಶ್, ಹಳೇ ಗಾಯ! ಇದೆಂತ ಮಾಮ, ಮೇಜಿಗೆ ಯಾರು ಬರೆ ಹಾಕಿದ್ದು?"

ಎಲ್ಲರೂ ಬಗ್ಗಿ ನೋಡಿದರು. ಹಾರಿಸನ ಕಿವಿ ಕೆಂಪಾಯಿತು. ಹಾಡು ಹುಟ್ಟಲು ಇನ್ನೊಂದು ಕ್ಷಣ ಸಾಕಿತ್ತು. ಮಜೀದರು ಗಂಟಲು ಸರಿಮಾಡಿಕೊಂಡರು.

"ಅದು ಮರದ್ದೇ..."

"ಅದು ನಾನು ಸುಟ್ಟದ್ದು," ಎಂಬ ಮಾತು ಬಾಗಿಲ ಪರದೆಯ ಹಿಂದಿನಿಂದ ಬಂತು. ಸೈನಬ ಸೆರಗು ತಲೆಗೆಳೆದುಕೊಂಡು ಪರದೆ ಸರಿಸಿ ಒಂದು ಹೆಜ್ಜೆ ಈಚೆ ಬಂದಳು. ಇಂಥ ಊಟದಲ್ಲಿ ಅತ್ತೆಯಾದವಳು ಗಂಡಸರ ನಡುವೆ ಬಾಯಿ ಹಾಕುವ ವಾಡಿಕೆ ಇರಲಿಲ್ಲ, ಹನೀಫಾನ ತುತ್ತು ಕೈಯಲ್ಲೇ ಉಳಿಯಿತು. "ಮದುವೆಯಾಗಿ ತಿಂಗಳೂ ಆಗಿರ್ಲಿಲ್ಲ. ಬಿಸಿ ಕಾವಲಿ ಇಟ್ಟುಬಿಟ್ಟೆ. ನನ್ನ ಮಾಮಿಗೆ, ಇವರ ಉಮ್ಮನಿಗೆ, ಕಾಣಬಾರದು ಅಂತ ಇವರು ಅದರ ಮೇಲೆ ದಿನಾ ಅಡಕತ್ತರಿ ಇಟ್ರು. ಇಪ್ಪತ್ತೈದು ವರ್ಷ ಇಟ್ರು. ಅಷ್ಟೂ ವರ್ಷ ಬೈಗುಳ ತಿಂದದ್ದೂ ಇವರೇ, ನನ್ನ ಕೈಯಿಂದಲೇ."

ಅಡುಗೆಮನೆಯ ಹೆಂಗಸರ ನಡುವೆ ನಿಂತಿದ್ದ ಶಬ್ನಾ ತಾಯಿಯ ಬೆನ್ನನ್ನೇ ನೋಡುತ್ತಿದ್ದಳು. ಮಜೀದರು ತಟ್ಟೆಯಲ್ಲಿ ಇಲ್ಲದ ಏಲಕ್ಕಿಯನ್ನು ಹುಡುಕತೊಡಗಿದರು.

ಸೈನಬ ಅಳಿಯನ ಕಡೆ ತಿರುಗಿದಳು. "ನನ್ನ ಮಗಳಿಗೂ ಅಡುಗೆ ಅಷ್ಟಕ್ಕಷ್ಟೆ, ಹಾರಿಸ್. ನಿಮ್ಮ ಉಮ್ಮನ ಯಾವುದಾದ್ರೂ ಸಾಮಾನು ಇವಳು ಒಂದು ದಿನ ಸುಟ್ಟೇ ಸುಡ್ತಾಳೆ. ಆಗ ಎಂತ ಮಾಡ್ಬೇಕು ಅಂತ ನಿಮ್ಮ ಮಾವನ ಹತ್ರ ಈಗಲೇ ಕೇಳಿಟ್ಕೊಳ್ಳಿ."

ಹಾರಿಸ್ ಮೊದಲ ಸಲ ತಲೆ ಎತ್ತಿದ. ಮಾವನನ್ನು ನೋಡಿದ, ಗೆರೆಯನ್ನು ನೋಡಿದ, ಆಮೇಲೆ ಅಡುಗೆಮನೆಯ ಕಡೆ ನೋಡಿದ.

"ನಾನು ಎಲೆಯಡಿಕೆ ತಿನ್ನುದಿಲ್ಲ ಮಾಮಿ," ಎಂದ ಬಹಳ ಗಂಭೀರವಾಗಿ. "ಕಲೀತೇನೆ."

ಹನೀಫಾ ಮೇಜು ಕುಟ್ಟಿ ನಕ್ಕ. ಹಾಡು ಹುಟ್ಟಲಿಲ್ಲ, ಎಲ್ಲರೂ ಬಿರಿಯಾನಿಗೆ ಕೈ ಹಾಕಿದರು. ಊಟವಾಗಿ ಕೈ ತೊಳೆದು ಬಂದಾಗ ಮಜೀದರ ಕುರ್ಚಿಯ ಎದುರು, ಆ ಕಂದು ಗೆರೆಯ ಮೇಲೆ, ಒಂದು ಸ್ಟೀಲ್ ತಟ್ಟೆ ಇತ್ತು. ತಟ್ಟೆಯಲ್ಲಿ ವೀಳ್ಯದೆಲೆ, ಭರಣಿಯಿಂದ ಆಗಷ್ಟೇ ತೆಗೆದ ನೀರಡಿಕೆ, ಒರೆಸಿ ಒಣಗಿಸಿದ ಅಡಕತ್ತರಿ. ಮಜೀದರು ಪರದೆಯ ಕಡೆ ನೋಡಿದರು.

"ತಟ್ಟೆಯಿಂದ ಕೆಳಗೆ ಇಟ್ರೆ ನೋಡಿ ಮತ್ತೆ," ಎಂದಿತು ಪರದೆ.